ಸ್ಕಾಟರು ಎಂದರೆ ಯಾರು?

'ಸ್ಕಾಟ್' ಎಂಬ ಹೆಸರು ಮೊದಲಿಗೆ ಸ್ಕಾಟ್ಲೆಂಡಿನವರದ್ದೇ ಅಲ್ಲ. ರೋಮನ್ನರು ಲ್ಯಾಟಿನ್‌ನಲ್ಲಿ 'ಸ್ಕಾಟಿ' ಎಂದು ಬರೆದದ್ದು ಐರ್ಲೆಂಡ್ ಕಡೆಯಿಂದ ದೋಣಿಯಲ್ಲಿ ಬಂದು ಕೊಳ್ಳೆ ಹೊಡೆಯುತ್ತಿದ್ದ ಗೇಲಿಕ್ ಮಾತಿನ ಜನರನ್ನು. ಆಗ ಇವತ್ತಿನ ಸ್ಕಾಟ್ಲೆಂಡಿನ ಬಹುಪಾಲು ನೆಲದಲ್ಲಿ ಇದ್ದವರೇ ಬೇರೆ, ಅವರಾಡುತ್ತಿದ್ದ ಮಾತೇ ಬೇರೆ. ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ಸಾವಿರ ವರ್ಷ ಕಳೆಯುವ ಹೊತ್ತಿಗೆ ಅದೇ ನಾಡಿನಲ್ಲಿ ಇಂಗ್ಲಿಷಿಗೆ ತಂಗಿಯಂತಿದ್ದ ಇನ್ನೊಂದು ಭಾಷೆಗೆ 'ಸ್ಕಾಟ್ಸ್' ಎಂಬ ಹೆಸರು ಅಂಟಿಕೊಂಡಿತು. ಮೂಲ ಸ್ಕಾಟರ ಗೇಲಿಕ್ ಭಾಷೆಯನ್ನು ಅಲ್ಲಿನವರೇ 'ಐರಿಶ್' ಎಂದು ಕರೆದು ಮೂಲೆಗೆ ತಳ್ಳಿದರು. ಹೆಸರು ಉಳಿಯಿತು, ಅದನ್ನು ಹೊತ್ತ ಜನ ಬದಲಾದರು.

ಸ್ಕಾಟರ ಇತಿಹಾಸ ಗೋಜಲು ಅನ್ನಿಸುವುದು ಇದಕ್ಕೇ. ಒಂದು ಜನಾಂಗದ ಕಥೆ ಎಂದುಕೊಂಡು ಓದಲು ಕೂರುತ್ತೇವೆ, ಐದಾರು ಜನಾಂಗಗಳ ಕಥೆ ಕೈಗೆ ಬರುತ್ತದೆ. ರಕ್ತದ ಎಳೆ ಹಿಡಿದು ಹೊರಟರೆ ನಾಲ್ಕು ಹೆಜ್ಜೆಗೆ ಅದು ತುಂಡಾಗುತ್ತದೆ. ಹಾಗಾಗಿ ಬೇರೆ ಪ್ರಶ್ನೆ ಇಟ್ಟುಕೊಂಡು ನೋಡೋಣ: ಆಯಾ ಕಾಲದಲ್ಲಿ ಯಾರನ್ನು ಸ್ಕಾಟ್ ಎಂದು ಕರೆಯುತ್ತಿದ್ದರು, ಯಾಕೆ?

ಕಲ್ಲಿನ ಕಪಾಟು, ಮಣ್ಣಿನ ಗೋಡೆ

ಬ್ರಿಟನ್ನಿನ ಬಡಗಣ ತುದಿ ದಾಟಿದರೆ ಆರ್ಕ್ನಿ ಎಂಬ ದ್ವೀಪಗಳ ಗುಂಪು ಸಿಗುತ್ತದೆ. 1850ರಲ್ಲಿ ಅಲ್ಲಿ ಭಾರೀ ಬಿರುಗಾಳಿ ಎದ್ದು ಕಡಲತೀರದ ಮರಳುದಿಬ್ಬದ ಮೇಲಿನ ಹುಲ್ಲನ್ನೆಲ್ಲ ಕಿತ್ತುಹಾಕಿತು. ಅಡಿಯಲ್ಲಿ ಒಂದು ಊರೇ ಇತ್ತು. ಸ್ಕಾರಾ ಬ್ರೇ ಎಂದು ಅದರ ಹೆಸರು. ಕ್ರಿ.ಪೂ. 3100ರ ಆಸುಪಾಸಿನ ಊರು, ಗೀಜಾದ ಪಿರಮಿಡ್ಡುಗಳಿಗಿಂತ ಹಳೆಯದು. ಮರ ಸುಲಭಕ್ಕೆ ಸಿಗದ ದ್ವೀಪವಾದ್ದರಿಂದ ಮನೆಸಾಮಾನೂ ಕಲ್ಲಿನದ್ದೇ. ನಡುವೆ ಒಲೆ, ಎರಡೂ ಪಕ್ಕ ಚಪ್ಪಡಿಕಲ್ಲಿನ ಮಂಚ, ಬಾಗಿಲಿಗೆ ನೇರ ಎದುರು ಕಲ್ಲಿನ ಕಪಾಟು. ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದೇ ಅದು. ಇದ್ದ ಒಳ್ಳೇ ಸಾಮಾನನ್ನು ಬಂದವರಿಗೆ ಕಾಣುವಂತೆ ಜೋಡಿಸಿಡುವ ಚಟ ಐದು ಸಾವಿರ ವರ್ಷದ್ದು ಅಂತ ನನ್ನ ಗುಮಾನಿ.

ಈ ಜನ ಬರಹ ಬಿಟ್ಟುಹೋಗಲಿಲ್ಲ. ಇಲ್ಲಿನವರ ಬಗ್ಗೆ ಮೊದಲು ಬರೆದವರು ಅವರ ಮೇಲೆ ದಂಡೆತ್ತಿ ಬಂದ ರೋಮನ್ನರು. ಕ್ರಿ.ಶ. 80ರ ದಶಕದಲ್ಲಿ ಅಗ್ರಿಕೋಲ ಎಂಬ ರೋಮನ್ ರಾಜ್ಯಪಾಲ ಉತ್ತರದ ಬುಡಕಟ್ಟುಗಳನ್ನು ಒಂದು ದೊಡ್ಡ ಕಾಳಗದಲ್ಲಿ ಸೋಲಿಸಿದ. ಅದನ್ನು ಬರೆದಿಟ್ಟವನು ಟ್ಯಾಸಿಟಸ್, ಅವನ ಸ್ವಂತ ಅಳಿಯ. ಮಾವನ ಪರಾಕ್ರಮವನ್ನು ಅಳಿಯ ಬಣ್ಣಿಸಿದರೆ ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ಗೆದ್ದರೂ ರೋಮನ್ನರು ಅಲ್ಲಿ ನಿಲ್ಲಲಿಲ್ಲ. 122ರಲ್ಲಿ ಹೇಡ್ರಿಯನ್ ಗೋಡೆ ಶುರುವಾಯಿತು. ಅದೇ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಆ ಗೋಡೆ ಪೂರ್ತಿ ಇವತ್ತಿನ ಇಂಗ್ಲೆಂಡಿನೊಳಗೇ ಇದೆ. 142ರಲ್ಲಿ ಇನ್ನೂ ಉತ್ತರಕ್ಕೆ, ಫೋರ್ತ್ ಮತ್ತು ಕ್ಲೈಡ್ ಅಳಿವೆಗಳ ನಡುವೆ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಹುಲ್ಲುಹೆಂಟೆಯ ಗೋಡೆ ಎಬ್ಬಿಸಿದರು. ಇಪ್ಪತ್ತು ವರ್ಷವೋ ಏನೋ ಕಾದು, ಅದನ್ನೂ ಬಿಟ್ಟು ಹಿಂದೆ ಸರಿದರು.

297ರಲ್ಲಿ ಒಂದು ರೋಮನ್ ಭಾಷಣದಲ್ಲಿ ಗೋಡೆಯಾಚೆಗಿನವರಿಗೆ 'ಪಿಕ್ಟಿ' ಎಂಬ ಹೆಸರು ಕಾಣಿಸುತ್ತದೆ. ಬಣ್ಣ ಬಳಿದುಕೊಂಡವರು ಎಂದರ್ಥ. ಊರಿನ ಹುಡುಗನಿಗೆ ಯಾರೋ ಇಟ್ಟ ಅಡ್ಡಹೆಸರು ಕೊನೆಗೆ ಗುರುತಿನ ಚೀಟಿಯಲ್ಲೂ ಬಂದ ಹಾಗೆ, ಆ ಹೆಸರು ಇತಿಹಾಸದಲ್ಲಿ ಉಳಿದುಬಿಟ್ಟಿತು.

ನಕ್ಷೆ ಓದಿದರೆ ಸಾಕು

ಸುಮಾರು 700ನೇ ಇಸವಿಗೆ ಬಂದು ನಿಲ್ಲೋಣ. ಫೋರ್ತ್ ನದಿಯ ಉತ್ತರಕ್ಕೆ ಪಿಕ್ಟರು. ಪಡುವಣ ಕರಾವಳಿಯ ಆರ್ಗೈಲ್‌ನಲ್ಲಿ ಗೇಲರು, ಅಂದರೆ ಅಸಲಿ ಸ್ಕಾಟರು. ಅವರ ರಾಜ್ಯಕ್ಕೆ ಡಾಲ್ ರಿಯಾಟ ಎಂದು ಹೆಸರು. ಅಲ್ಲಿಂದ ಐರ್ಲೆಂಡಿಗೆ ಸಮುದ್ರ ಬರೀ 20 ಕಿಲೋಮೀಟರ್, ಹಾಗಾಗಿ ಕಡಲು ಅವರಿಗೆ ಗಡಿ ಆಗಿರಲಿಲ್ಲ, ರಸ್ತೆ ಆಗಿತ್ತು. ಕ್ಲೈಡ್ ಕಣಿವೆಯಲ್ಲಿ ಬ್ರಿಟನ್ನರು, ಅವರ ಮಾತು ಇವತ್ತಿನ ವೆಲ್ಷ್ ಭಾಷೆಗೆ ಹತ್ತಿರ. ಈಗಿನ ಎಡಿನ್‌ಬರೊ ಸುತ್ತಮುತ್ತ ಆಂಗ್ಲರು, ಇಂಗ್ಲಿಷರ ಪೂರ್ವಜರು. 795ರಲ್ಲಿ ಅಯೋನ ದ್ವೀಪದ ಮಠದ ಮೇಲೆ ವೈಕಿಂಗರ ದಾಳಿಯಾಯಿತು. ದೋಚಲು ಬಂದ ನಾರ್ವೆಯವರು ಬರಬರುತ್ತಾ ಉತ್ತರದ ದ್ವೀಪಗಳಲ್ಲಿ ಒಕ್ಕಲಾಗಿ ನಿಂತರು. ಅಲ್ಲಿಗೆ ಲೆಕ್ಕ ಐದಾಯಿತು.

ಈ ಐವರ ಗುರುತು ಊರಿನ ಹೆಸರುಗಳಲ್ಲಿ ಇವತ್ತಿಗೂ ಹಾಗೇ ಇದೆ. ನದಿ ಕೂಡುವ ಜಾಗಕ್ಕೆ, ಅಳಿವೆಗೆ ಪಿಕ್ಟರು ಮತ್ತು ಬ್ರಿಟನ್ನರು 'ಆಬರ್' ಎನ್ನುತ್ತಿದ್ದರು, ಗೇಲರು 'ಇನ್ವರ್' ಎನ್ನುತ್ತಿದ್ದರು. ಆಬರ್‌ಡೀನ್ ಮತ್ತು ಇನ್ವರ್‌ನೆಸ್ ಒಂದೇ ಅರ್ಥದ ಎರಡು ಭಾಷೆಯ ಹೆಸರುಗಳು. 'ಪಿಟ್' ಎಂದು ಶುರುವಾದರೆ, ಉದಾಹರಣೆಗೆ ಪಿಟ್‌ಲಾಕ್ರಿ, ಅಲ್ಲಿ ಪಿಕ್ಟರ ಜಮೀನಿನ ಪಾಲು ಇತ್ತು ಎಂದು ತಿಳಿಯಬಹುದು. ಗ್ಲಾಸ್ಗೊ ಎಂಬುದು ಬ್ರಿಟನ್ನರ ಮಾತು, ಹಸಿರು ತಗ್ಗು ಎಂಬ ಅರ್ಥ ಹೇಳುತ್ತಾರೆ. ಎಡಿನ್‌ಬರೊದ ಬಾಲ, ಆ 'ಬರೊ', ಆಂಗ್ಲರದ್ದು. ಶೆಟ್‌ಲೆಂಡಿನ ಲರ್ವಿಕ್ ನಾರ್ವೆಯವರದ್ದು, 'ವಿಕ್' ಎಂದರೆ ಕೊಲ್ಲಿ.

ಇವರಲ್ಲಿ ನನಗೆ ಅತಿ ಕುತೂಹಲ ಹುಟ್ಟಿಸುವವರು ಪಿಕ್ಟರು. ಇಷ್ಟೆತ್ತರದ ಕಲ್ಲುಗಳ ಮೇಲೆ ಅರ್ಧಚಂದ್ರ, ಮುರಿದ ಬಾಣ, ಹಾವು, ಕನ್ನಡಿ-ಬಾಚಣಿಗೆ, ಸೊಂಡಿಲಿನಂಥ ಮೂತಿಯ ಒಂದು ವಿಚಿತ್ರ ಪ್ರಾಣಿ ಎಲ್ಲ ಕೆತ್ತಿಟ್ಟರು. ಅದರ ಅರ್ಥವನ್ನು ಯಾರೂ ಇನ್ನೂ ಪೂರ್ತಿ ಬಿಡಿಸಿಲ್ಲ. 685ರಲ್ಲಿ ಆಂಗ್ಲರ ದೊರೆಯನ್ನೇ ಕೊಂದು ಅವರ ಸೈನ್ಯವನ್ನು ಪುಡಿಮಾಡಿದ ಗಟ್ಟಿ ಜನ ಇವರು. ಮುನ್ನೂರು ವರ್ಷದೊಳಗೆ ಎಲ್ಲಿ ಹೋದರು?

ಎಲ್ಲೂ ಹೋಗಲಿಲ್ಲ ಎನ್ನುವುದೇ ಉತ್ತರ. 839ರಲ್ಲಿ ವೈಕಿಂಗರು ಪಿಕ್ಟರ ದೊರೆಯನ್ನೂ ಜತೆಗೆ ಮುಖಂಡರನ್ನೂ ಕೊಂದುಹಾಕಿದರು. ಖಾಲಿ ಬಿದ್ದ ಪಟ್ಟಕ್ಕೆ ಕೆಲವೇ ವರ್ಷದಲ್ಲಿ ಕೆನೆತ್ ಮ್ಯಾಕಾಲ್ಪಿನ್ ಬಂದ. ಇವನೇ ಸ್ಕಾಟ್ಲೆಂಡಿನ ಮೊದಲ ರಾಜ, ಗೇಲರನ್ನೂ ಪಿಕ್ಟರನ್ನೂ ಒಂದು ಮಾಡಿದವನು ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಆದರೆ 858ರಲ್ಲಿ ಅವನು ಸತ್ತಾಗ ಐರಿಶ್ ವಾರ್ಷಿಕ ದಾಖಲೆಗಳು ಅವನನ್ನು ಕರೆದದ್ದು 'ಪಿಕ್ಟರ ರಾಜ' ಎಂದೇ. 900ರಲ್ಲಿ ಅವನ ಮೊಮ್ಮಗ ಸತ್ತಾಗ ಮಾತ್ರ ಬಿರುದು ಬದಲಾಗಿದೆ: 'ಆಲ್ಬದ ರಾಜ'. ಗೇಲಿಕ್‌ನಲ್ಲಿ ಸ್ಕಾಟ್ಲೆಂಡಿಗೆ ಇವತ್ತಿಗೂ ಅದೇ ಹೆಸರು. ನಲವತ್ತೇ ವರ್ಷದಲ್ಲಿ ಜನರನ್ನೆಲ್ಲ ಅಳಿಸಿಹಾಕಲು ಆಗುತ್ತದೆಯೇ? ಆಗಿದ್ದು ಇಷ್ಟು: ಅರಮನೆಯ ಮಾತು ಗೇಲಿಕ್ ಆಯಿತು, ಮಠದ ಮಾತೂ ಗೇಲಿಕ್ ಆಯಿತು, ಮುಂದೆ ಬರಬೇಕೆಂದವರು ಅದನ್ನೇ ಕಲಿತರು. ಅಜ್ಜಿ ಪಿಕ್ಟಿಷ್ ಆಡಿದಳು, ಮೊಮ್ಮಗ 'ನಾವು ಮೊದಲಿಂದಲೂ ಗೇಲರೇ' ಎಂದ.

ಹೊಸ ನೆಂಟರು

1124ರಲ್ಲಿ ಪಟ್ಟಕ್ಕೆ ಬಂದ ಡೇವಿಡ್ ಎಂಬ ದೊರೆ ಬೆಳೆದದ್ದು ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ದರ್ಬಾರಿನಲ್ಲಿ. ಬರುವಾಗ ತನ್ನ ಗೆಳೆಯರನ್ನೂ ಕರೆತಂದು ಜಹಗೀರು ಹಂಚಿದ. ಬ್ರೂಸ್ ಮನೆತನ ನಾರ್ಮಂಡಿಯ ಬ್ರಿ ಎಂಬ ಊರಿನದ್ದು. ಸ್ಟೂವರ್ಟ್‌ರು ಫ್ರಾನ್ಸಿನ ಬ್ರಿಟನಿ ಎಂಬ ಸೀಮೆಯಿಂದ ಬಂದವರು. ಅರಮನೆಯ ಉಸ್ತುವಾರಿಗೆ 'ಸ್ಟೂವರ್ಡ್' ಎನ್ನುತ್ತಿದ್ದರು, ಹುದ್ದೆಯೇ ಮನೆತನದ ಹೆಸರಾಯಿತು. ಸಿಂಕ್ಲೇರ್, ಹೇ, ಗ್ರಾಂಟ್ ಇವೆಲ್ಲ ಫ್ರೆಂಚ್ ಬೇರಿನವು. ಕೇಳಿದ ತಕ್ಷಣ ಅಪ್ಪಟ ಸ್ಕಾಟಿಷ್ ಅನ್ನಿಸುವ ಹೆಸರುಗಳೇ ಹೀಗೆ ಹೊರಗಿನಿಂದ ಬಂದವು. ಡೇವಿಡ್ ಕಟ್ಟಿಸಿದ ವ್ಯಾಪಾರದ ಪೇಟೆಗಳಲ್ಲಿ ಈಗಿನ ಬೆಲ್ಜಿಯಂ ಕಡೆಯ ಫ್ಲೆಮಿಷ್ ನೇಕಾರರು, ಇಂಗ್ಲಿಷ್ ಮಾತಿನ ಕಸುಬುದಾರರು ನೆಲೆಸಿದರು. ಪೇಟೆಯಿಂದ ಹಳ್ಳಿಗೆ ಅವರ ಮಾತು ಹರಿಯಿತು. ಗೇಲಿಕ್ ಬೆಟ್ಟದ ಕಡೆಗೆ ಹಿಂದೆ ಸರಿಯುತ್ತ ಹೋಯಿತು.

ಈ ಕಲಸುಮೇಲೋಗರದ ಜನ 'ನಾವು' ಎಂದುಕೊಂಡದ್ದು ಯಾವಾಗ? ಅದಕ್ಕೆ ಒಂದು ಬಿರುಗಾಳಿಯ ರಾತ್ರಿಯೇ ಕಾರಣ ಎನ್ನಬಹುದು. 1286ರ ಮಾರ್ಚ್ 19. ಮೂರನೇ ಅಲೆಕ್ಸಾಂಡರ್ ದೊರೆಗೆ 44 ವರ್ಷ, ಹೊಸ ಮದುವೆ. ಎಡಿನ್‌ಬರೊದಲ್ಲಿ ಸಭೆ ಮುಗಿಸಿ, ಬೇಡ ಎಂದರೂ ಕೇಳದೆ, ಮಳೆಗಾಳಿಯಲ್ಲೇ ಅಳಿವೆ ದಾಟಿ ಹೆಂಡತಿ ಇದ್ದ ಕಡೆಗೆ ಹೊರಟ. ಕತ್ತಲಲ್ಲಿ ಜತೆಯವರಿಂದ ಬೇರೆಯಾದ. ಬೆಳಿಗ್ಗೆ ಕಿಂಗ್‌ಹಾರ್ನ್ ಬಳಿಯ ದಂಡೆಯಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದ. ಅವನ ಮಕ್ಕಳು ಮೂವರೂ ಮೊದಲೇ ತೀರಿಕೊಂಡಿದ್ದರು. ಉಳಿದದ್ದು ನಾರ್ವೆಯಲ್ಲಿದ್ದ ಮೂರು ವರ್ಷದ ಮೊಮ್ಮಗಳು ಒಬ್ಬಳೇ. ಅವಳೂ 1290ರಲ್ಲಿ ಬರುವ ದಾರಿಯಲ್ಲಿ ಆರ್ಕ್ನಿಯಲ್ಲಿ ಸತ್ತಳು.

ಪಟ್ಟಕ್ಕೆ 13 ಜನ ಹಕ್ಕುದಾರರು ಎದ್ದರು. ದಾಯಾದಿ ಜಗಳ ಬಿಡಿಸಲು ಪಕ್ಕದ ಮನೆಯ ಯಜಮಾನನನ್ನು ಕರೆದರು. ಅವನು ಇಂಗ್ಲೆಂಡಿನ ಒಂದನೇ ಎಡ್ವರ್ಡ್. 1292ರಲ್ಲಿ ಜಾನ್ ಬೇಲಿಯಲ್ ಎಂಬುವನನ್ನು ಪಟ್ಟಕ್ಕೆ ಕೂರಿಸಿದ, ಆಮೇಲೆ ಆಳಿನಂತೆ ನಡೆಸಿಕೊಂಡ, 1296ರಲ್ಲಿ ದಂಡೆತ್ತಿ ಬಂದು ಇಳಿಸಿಯೂ ಬಿಟ್ಟ. ಬೇಲಿಯಲ್‌ನ ಮೇಲಂಗಿಯಿಂದ ರಾಜಲಾಂಛನ ಕಿತ್ತುಹಾಕಿದರಂತೆ. ಅವನಿಗೆ 'ಖಾಲಿ ಅಂಗಿ' ಎಂಬ ಹೆಸರೇ ನಿಂತಿತು. ಸ್ಕಾಟ್ ರಾಜರು ಪಟ್ಟವೇರುವಾಗ ಕೂರುತ್ತಿದ್ದ ಸ್ಕೂನ್ ಕಲ್ಲನ್ನೂ ಎಡ್ವರ್ಡ್ ಲಂಡನ್ನಿಗೆ ಹೊತ್ತೊಯ್ದ. ಅದು ಅಧಿಕೃತವಾಗಿ ವಾಪಸ್ ಬಂದದ್ದು 1996ರಲ್ಲಿ, ಸರಿಯಾಗಿ 700 ವರ್ಷಕ್ಕೆ. ನಡುವೆ 1950ರ ಕ್ರಿಸ್‌ಮಸ್ ದಿನ ನಾಲ್ಕು ಜನ ವಿದ್ಯಾರ್ಥಿಗಳು ಅದನ್ನು ವೆಸ್ಟ್‌ಮಿನ್‌ಸ್ಟರ್‌ನಿಂದ ಎಗರಿಸಿಕೊಂಡು ಬಂದಿದ್ದರು, ಎಳೆಯುವಾಗ ಎರಡು ತುಂಡೂ ಆಗಿತ್ತು.

ಇಂಗ್ಲಿಷರ ವಿರುದ್ಧ ತಿರುಗಿಬಿದ್ದ ವಿಲಿಯಂ ವಾಲೆಸ್ 1297ರಲ್ಲಿ ಸ್ಟರ್ಲಿಂಗ್ ಸೇತುವೆಯಲ್ಲಿ ಗೆದ್ದದ್ದು, 1305ರಲ್ಲಿ ಲಂಡನ್ನಿನಲ್ಲಿ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದದ್ದು ಬಹಳ ಜನಕ್ಕೆ ಗೊತ್ತು. ರಾಬರ್ಟ್ ಬ್ರೂಸ್‌ನದು ಅಷ್ಟು ನೇರ ಕಥೆಯಲ್ಲ. ಅವನು ಹಲವು ಬಾರಿ ಪಕ್ಷ ಬದಲಾಯಿಸಿದವನು. 1306ರಲ್ಲಿ ಎದುರಾಳಿ ಕೊಮಿನ್‌ನನ್ನು ಚರ್ಚಿನೊಳಗೇ ಇರಿದು, ಆರೇ ವಾರದಲ್ಲಿ ಪಟ್ಟ ಕಟ್ಟಿಸಿಕೊಂಡ. 1314ರ ಜೂನ್‌ನಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ತನಗಿಂತ ಬಹಳ ದೊಡ್ಡ ಇಂಗ್ಲಿಷ್ ಸೈನ್ಯವನ್ನು ಜೌಗಿಗೆ ಸಿಕ್ಕಿಸಿ ಸೋಲಿಸಿದ.

ಯುದ್ಧಕ್ಕಿಂತ ನನಗೆ ಮುಖ್ಯ ಅನ್ನಿಸುವುದು 1320ರ ಒಂದು ಪತ್ರ. ಆರ್‌ಬ್ರೋತ್ ಘೋಷಣೆ ಎಂದು ಅದರ ಹೆಸರು. ಸ್ಕಾಟ್ ಪಾಳೇಗಾರರು ಮೊಹರು ಹಾಕಿ ಪೋಪ್‌ಗೆ ಲ್ಯಾಟಿನ್‌ನಲ್ಲಿ ಬರೆದದ್ದು. ನಮ್ಮಲ್ಲಿ ನೂರು ಜನ ಬದುಕಿರುವವರೆಗೆ ಇಂಗ್ಲಿಷರ ಆಳ್ವಿಕೆಗೆ ತಲೆಬಾಗುವುದಿಲ್ಲ, ನಮ್ಮ ರಾಜನೇ ಅವರಿಗೆ ಶರಣಾದರೆ ಅವನನ್ನೂ ಇಳಿಸಿ ಬೇರೆಯವನನ್ನು ಕೂರಿಸುತ್ತೇವೆ ಎಂದು ಅದರಲ್ಲಿದೆ. ಜತೆಗೆ ತಮ್ಮ ಹುಟ್ಟಿನ ಕಥೆಯನ್ನೂ ಬರೆದರು: ಸ್ಕಾಟರು ಕಪ್ಪು ಸಮುದ್ರದ ಆಚೆಗಿನ ಸಿಥಿಯಾದಿಂದ ಹೊರಟು, ಸ್ಪೇನ್ ದಾಟಿ ಬಂದು, ಬ್ರಿಟನ್ನರನ್ನು ಓಡಿಸಿ, ಪಿಕ್ಟರನ್ನು ನಿರ್ನಾಮ ಮಾಡಿದರು, 113 ರಾಜರು ಆಳಿದರು, ನಡುವೆ ಒಬ್ಬ ಹೊರಗಿನವನೂ ಇಲ್ಲ! ಮೊಹರು ಹಾಕಿದವರಲ್ಲಿ ನಾರ್ಮನ್ನರ ಮರಿಮಕ್ಕಳಿದ್ದರು, 'ನಿರ್ನಾಮವಾದ' ಪಿಕ್ಟರ ವಂಶದವರೂ ಇದ್ದಿರಲೇಬೇಕು. ಎಲ್ಲರೂ ಸೇರಿ ಒಂದೇ ಸುಳ್ಳಿಗೆ ಸಹಿ ಹಾಕಿದ ದಿನ ಅವರು ಒಂದು ಜನವಾದರು ಅಂತ ನಾನಂತೂ ನಂಬುತ್ತೇನೆ.

ಬೆಟ್ಟದವರು, ಬಯಲಿನವರು

ಉತ್ತರದ ದ್ವೀಪಗಳು ಮಾತ್ರ ಇನ್ನೂ ಹೊರಗಿದ್ದವು. ಅವು ಬಂದ ಬಗೆಯೇ ಸೊಗಸು. ಡೆನ್ಮಾರ್ಕ್-ನಾರ್ವೆಯ ದೊರೆ ಕ್ರಿಶ್ಚಿಯನ್ ತನ್ನ ಮಗಳನ್ನು ಸ್ಕಾಟ್ ದೊರೆಗೆ ಕೊಡುವಾಗ ವರದಕ್ಷಿಣೆಗೆ ಕೈಯಲ್ಲಿ ಕಾಸಿರಲಿಲ್ಲ. 1468ರಲ್ಲಿ ಆರ್ಕ್ನಿಯನ್ನು, ಮರುವರ್ಷ ಶೆಟ್‌ಲೆಂಡನ್ನು ಅಡವಿಟ್ಟ. ಬಿಡಿಸಿಕೊಳ್ಳಲೇ ಇಲ್ಲ. ಅಲ್ಲಿನವರಿಗೆ ಇವತ್ತಿಗೂ ತಮ್ಮ ನಾರ್ಸ್ ಮೂಲದ ಮೇಲೆ ಅಭಿಮಾನ ಜಾಸ್ತಿ. ಲರ್ವಿಕ್‌ನಲ್ಲಿ ಪ್ರತಿ ಜನವರಿಯ ಕೊನೆಯ ಮಂಗಳವಾರ ರಾತ್ರಿ ಪಂಜು ಹಿಡಿದು ಮೆರವಣಿಗೆ ಮಾಡಿ ಒಂದು ವೈಕಿಂಗ್ ಹಡಗಿನ ಮಾದರಿಯನ್ನು ಸುಡುತ್ತಾರೆ.

ದೇಶ ಒಂದಾಯಿತು ಅನ್ನುವಾಗಲೇ ಒಳಗೆ ಬಿರುಕು ಬಿಟ್ಟಿತ್ತು. ವಾಯವ್ಯದ ಬೆಟ್ಟಸೀಮೆ ಹೈಲೆಂಡ್ಸ್: ಗೇಲಿಕ್ ಮಾತು, ದನಕರು, ಕ್ಲಾನ್ ಎಂಬ ಕುಲ, ಕುಲಕ್ಕೊಬ್ಬ ಯಜಮಾನ. ಪೂರ್ವ-ದಕ್ಷಿಣದ ಬಯಲು ಲೋಲೆಂಡ್ಸ್: ಪೇಟೆ, ಬೇಸಾಯ, ಸ್ಕಾಟ್ಸ್ ಭಾಷೆ. 14ನೇ ಶತಮಾನದ ಹೊತ್ತಿಗೇ ಬಯಲಿನ ಬರಹಗಾರರು ಬೆಟ್ಟದವರನ್ನು ಕಾಡುಜನ ಎಂದು ಬರೆಯತೊಡಗಿದ್ದರು. 'ಕ್ಲಾನ್' ಎಂಬ ಗೇಲಿಕ್ ಪದಕ್ಕೆ ಮಕ್ಕಳು ಎಂದರ್ಥ. ಆದರೆ ಒಂದೇ ಹೆಸರಿನವರೆಲ್ಲ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಯಜಮಾನನ ಆಸರೆಗೆ ಬಂದು ನೆಲ ಉಳುವವನೂ ಅವನ ಹೆಸರು ಹೊತ್ತುಕೊಳ್ಳುತ್ತಿದ್ದ.

ಮುಂದಿನ ಇನ್ನೂರು ವರ್ಷವನ್ನು ಬೇಗ ದಾಟೋಣ. 1560ರಲ್ಲಿ ಜಾನ್ ನಾಕ್ಸ್ ಮುಂತಾದವರ ಮುಂದಾಳತ್ವದಲ್ಲಿ ದೇಶ ಪ್ರೊಟೆಸ್ಟಂಟ್ ಆಯಿತು. ಬೈಬಲ್ಲನ್ನು ಎಲ್ಲರೂ ಸ್ವತಃ ಓದಬೇಕೆಂಬ ಹಟದಿಂದ ಊರೂರಿಗೆ ಶಾಲೆ ಬೇಕೆಂಬ ಕಾನೂನುಗಳು ಬಂದವು. ಇಂಗ್ಲೆಂಡಿನಲ್ಲಿ ಎರಡೇ ವಿಶ್ವವಿದ್ಯಾಲಯಗಳಿದ್ದ ಕಾಲಕ್ಕೆ ಈ ಸಣ್ಣ ದೇಶದಲ್ಲಿ ನಾಲ್ಕು ಊರುಗಳಲ್ಲಿದ್ದವು. 1603ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ಮಕ್ಕಳಿಲ್ಲದೆ ಸತ್ತಾಗ ಸ್ಕಾಟ್ ದೊರೆ ಜೇಮ್ಸನೇ ಅಲ್ಲಿಗೂ ದೊರೆಯಾಗಿ ಲಂಡನ್ನಿಗೆ ಹೋದ. ಆಮೇಲೆ ಊರ ಕಡೆ ತಲೆ ಹಾಕಿದ್ದು ಒಂದೇ ಸಲ.

1690ರ ದಶಕ ಕೆಟ್ಟ ಕಾಲ. ಸಾಲು ಸಾಲು ಬೆಳೆ ಕೈಕೊಟ್ಟು ಬರಗಾಲ. ಅದರ ನಡುವೆಯೇ ಪನಾಮದ ಡೇರಿಯನ್‌ನಲ್ಲಿ ವಸಾಹತು ಕಟ್ಟುವ ಕನಸಿಗೆ ಜನ ತಮ್ಮ ಗಂಟನ್ನೆಲ್ಲ ಸುರಿದರು. 1698ರಲ್ಲಿ ಹಡಗು ಹೊರಟಿತು. 1700ರೊಳಗೆ ಜ್ವರ, ಹಸಿವು, ಸ್ಪೇನಿನವರ ಮುತ್ತಿಗೆ ಎಲ್ಲ ಸೇರಿ ಎಲ್ಲವನ್ನೂ ಮುಗಿಸಿದವು. ಹೋದವರಲ್ಲಿ ಹೆಚ್ಚಿನವರು ಹಿಂದಿರುಗಲಿಲ್ಲ. 1707ರ ಮೇ 1ರಂದು ಸ್ಕಾಟ್ ಪಾರ್ಲಿಮೆಂಟು ಇಂಗ್ಲೆಂಡಿನದ್ದರ ಜತೆ ಸೇರಿಹೋಯಿತು. ಒಪ್ಪಂದದ ಪ್ರಕಾರ ಸ್ಕಾಟ್ಲೆಂಡಿಗೆ ಸಿಕ್ಕಿದ 3,98,085 ಪೌಂಡಿನಲ್ಲಿ ಡೇರಿಯನ್‌ಗೆ ದುಡ್ಡು ಹಾಕಿದವರ ನಷ್ಟವೂ ತುಂಬಿತು. ದೇಶ ಮಾರಿದರು ಎಂದು ಬೈದವರು ಬಹಳ. ಆದರೆ ಕಾನೂನು, ಚರ್ಚು, ಶಾಲೆ ಮೂರೂ ಬೇರೆಯಾಗಿಯೇ ಉಳಿದವು. ಸ್ಕಾಟ್‌ತನ ಇಂಗ್ಲಿಷ್‌ತನದೊಳಗೆ ಕರಗದೆ ನಿಂತದ್ದಕ್ಕೆ ಈ ಮೂರೇ ಕಾರಣ.

ಕಲೋಡನ್‌ನಿಂದ ಶ್ರೀರಂಗಪಟ್ಟಣಕ್ಕೆ

ಲಂಡನ್ನಿಗೆ ಹೋದ ಜೇಮ್ಸನ ವಂಶದ, ಅಂದರೆ ಆಮೇಲೆ ಪಟ್ಟ ಕಳೆದುಕೊಂಡ ಸ್ಟೂವರ್ಟ್ ಮನೆತನದ ಕುಡಿ ಚಾರ್ಲ್ಸ್ 1745ರಲ್ಲಿ ಹೈಲೆಂಡ್ಸ್‌ನಲ್ಲಿ ಬಂದಿಳಿದು ಬಂಡಾಯ ಎಬ್ಬಿಸಿದ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಅದು ಒಂದು ಗಂಟೆಯೊಳಗೆ ಮುಗಿಯಿತು. ಇದನ್ನು ಸ್ಕಾಟರು-ಇಂಗ್ಲಿಷರ ಯುದ್ಧ ಎನ್ನುವುದು ತಪ್ಪು. ಸರ್ಕಾರದ ಸೈನ್ಯದಲ್ಲೂ ಸ್ಕಾಟರಿದ್ದರು. ಆದರೆ ಶಿಕ್ಷೆ ಬಿದ್ದದ್ದು ಹೈಲೆಂಡ್ಸ್‌ಗೆ. ಕುಲದ ಯಜಮಾನರ ನ್ಯಾಯ ಹೇಳುವ ಅಧಿಕಾರ ಹೋಯಿತು. ಆಯುಧ ಕಿತ್ತುಕೊಂಡರು. ಗಂಡಸರು ಚೌಕಳಿ ಬಟ್ಟೆ ಉಟ್ಟರೂ ಅಪರಾಧ: ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಗಡೀಪಾರು. ಒಂದೇ ವಿನಾಯಿತಿ, ದೊರೆಯ ಸೈನ್ಯಕ್ಕೆ ಸೇರಿದವರಿಗೆ. ಹೊಟ್ಟೆಪಾಡೂ ಆಯಿತು, ಉಡುಪೂ ಉಳಿಯಿತು. ಹೈಲೆಂಡ್ ರೆಜಿಮೆಂಟುಗಳು ತುಂಬಿದ್ದು ಹೀಗೆ.

ಇಲ್ಲಿಂದ ಕಥೆ ನಮ್ಮ ಕಡೆಗೆ ತಿರುಗುತ್ತದೆ. ಬಂಡಾಯದಲ್ಲಿ ಅಪ್ಪನ ಜತೆ ಹೋರಾಡಿ, ಕ್ಷಮೆ ಪಡೆದು, ಸ್ವೀಡನ್ನಿನ ಸೈನ್ಯದಲ್ಲಿ ದುಡಿದು ಬಂದ ಲಾರ್ಡ್ ಮ್ಯಾಕ್ಲೌಡ್ ಎಂಬುವನು 1777-78ರಲ್ಲಿ ಅದೇ ಬ್ರಿಟಿಷ್ ದೊರೆಗೆ ಒಂದು ಹೈಲೆಂಡ್ ರೆಜಿಮೆಂಟ್ ಕಟ್ಟಿಕೊಟ್ಟ. ಅದನ್ನು ಕಳಿಸಿದ್ದು ಮದ್ರಾಸಿಗೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್-ಟಿಪ್ಪು ಸೈನ್ಯ ಕಂಪನಿಯ ಒಂದು ತುಕಡಿಯನ್ನು ಸುತ್ತುವರಿದು ಮುಗಿಸಿತು. ಆ ತುಕಡಿಯ ಮುಖ್ಯಸ್ಥ ಕರ್ನಲ್ ವಿಲಿಯಂ ಬೈಲಿ, ಇನ್ವರ್‌ನೆಸ್ ಕಡೆಯವನು. ಅವನೊಡನೆ ಮ್ಯಾಕ್ಲೌಡನ ಹೈಲೆಂಡರುಗಳೂ ಇದ್ದರು. ಬದುಕುಳಿದವರನ್ನು ಶ್ರೀರಂಗಪಟ್ಟಣಕ್ಕೆ ತಂದರು. ಕೋಟೆಯೊಳಗಿನ 'ಕರ್ನಲ್ ಬೈಲಿ ಬಂದೀಖಾನೆ'ಯ ಬೋರ್ಡಿನಲ್ಲಿರುವ ಬೈಲಿ ಇವನೇ. 1782ರಲ್ಲಿ ಸೆರೆಯಲ್ಲೇ ಸತ್ತ. ಮುಂದಿನ ಸಲ ದರಿಯಾ ದೌಲತ್‌ಗೆ ಹೋದಾಗ ಪಡುವಣ ಗೋಡೆಯ ಪೊಳ್ಳಿಲೂರು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೆಂಪು ಕೋಟಿನ ಸಿಪಾಯಿಗಳ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕೂತವನು ಬೈಲಿ.

ಆ ಸೆರೆಯಾಳುಗಳಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಇದ್ದ, ಎಡಿನ್‌ಬರೊ ಪಕ್ಕದ ಬಯಲುಸೀಮೆಯವನು. ಸೆರೆಯವರನ್ನು ಇಬ್ಬಿಬ್ಬರಂತೆ ಸರಪಳಿಗೆ ಬಿಗಿದಿದ್ದಾರೆ ಎಂದು ಕೇಳಿದ ಅವನ ತಾಯಿ, 'ನಮ್ಮ ಡೇವಿ ಜತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು' ಅಂದಳಂತೆ. ಅಷ್ಟು ಸಿಡುಕ. ಸುಮಾರು 44 ತಿಂಗಳು ಸೆರೆಯಲ್ಲಿದ್ದ. 1799ರ ಮೇ 4ರಂದು ಕೋಟೆಯ ಬಿರುಕಿನ ಮೇಲೆ ದಾಳಿ ನಡೆಸಿದವನು ಇದೇ ಬೇರ್ಡ್.

ಕತ್ತಿ ಹಿಡಿದವರ ಹಿಂದೆ ಲೆಕ್ಕಪುಸ್ತಕ ಹಿಡಿದವರು ಬಂದರು. ಮೈಸೂರನ್ನು ಅಳೆದು ನಕ್ಷೆ ಬರೆದ, ಶಾಸನ-ಕಡತ ಕಲೆಹಾಕಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು. ಕೆನರಾದಲ್ಲಿ ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ ಗ್ಲಾಸ್ಗೊದವನು. 1800-01ರಲ್ಲಿ ಊರೂರು ತಿರುಗಿ ರಾಗಿ, ಅಡಿಕೆ, ಮಗ್ಗ, ಜಾತಿ ಎಲ್ಲದರ ವಿವರ ಬರೆದ ಫ್ರಾನ್ಸಿಸ್ ಬುಕಾನನ್ ಎಡಿನ್‌ಬರೊದಲ್ಲಿ ಓದಿದ ಸ್ಕಾಟಿಷ್ ಡಾಕ್ಟರು. ಊರಲ್ಲಿ ಶಾಲೆ ಸಿಕ್ಕಿತ್ತು, ಕೆಲಸ ಸಿಕ್ಕಿರಲಿಲ್ಲ. ಓದಿದ ಬಡವರ ಮನೆಯ ಎರಡನೇ ಮಗ ಸಾಮ್ರಾಜ್ಯದ ನೌಕರಿ ಹಿಡಿದ. ತಾವು ಆಳಿಸಿಕೊಂಡವರು ಎಂಬ ಸ್ಕಾಟರ ಮಾತು ಕೇಳುವಾಗ ನಾವು ಇದನ್ನೂ ನೆನಪಿಟ್ಟುಕೊಳ್ಳಬೇಕು. ವೆಸ್ಟ್ ಇಂಡೀಸ್‌ನಲ್ಲಿ ಗುಲಾಮರನ್ನು ದುಡಿಸಿಕೊಂಡ ಸ್ಕಾಟ್ ಜಮೀನುದಾರರೂ ಸಾಕಷ್ಟು ಇದ್ದರು. ಗ್ಲಾಸ್ಗೊದ ಸಿರಿವಂತಿಕೆಯ ತಳದಲ್ಲಿ ಗುಲಾಮರು ಬೆಳೆದ ತಂಬಾಕು, ಸಕ್ಕರೆ ಇದೆ.

ಒಕ್ಕಲೆಬ್ಬಿಸಿದ ಮೇಲೆ ಉಟ್ಟ ಉಡುಪು

ಗಂಡಸರು ದೂರದ ಯುದ್ಧಕ್ಕೆ ಹೋದಾಗ ಊರಲ್ಲಿ ಏನಾಗುತ್ತಿತ್ತು? ಕುಲದ ಯಜಮಾನ ಈಗ ಬರೀ ಜಮೀನುದಾರ. ಅವನಿಗೆ ಬೇಕಾದದ್ದು ಕತ್ತಿ ಹಿಡಿಯುವ ಜನವಲ್ಲ, ದುಡ್ಡು. ಚೆವಿಯಟ್ ತಳಿಯ ಕುರಿಗೆ ನೆಲ ಗುತ್ತಿಗೆ ಕೊಟ್ಟರೆ ಒಕ್ಕಲುಗಳ ಗೇಣಿಗಿಂತ ಎಷ್ಟೋ ಪಟ್ಟು ಹೆಚ್ಚು ಸಿಗುತ್ತಿತ್ತು. ಕಣಿವೆಯಿಂದ ಕಣಿವೆಗೆ ಒಕ್ಕಲೆಬ್ಬಿಸುತ್ತ ಹೋದರು. 1814ರಲ್ಲಿ ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಪ್ಯಾಟ್ರಿಕ್ ಸೆಲ್ಲರ್ ಎಂಬ ಪಾರುಪತ್ಯಗಾರನ ಆಳುಗಳು ಮನೆಗಳ ಮಾಡಿನ ತೊಲೆಗೆ ಬೆಂಕಿ ಇಟ್ಟರು. ಮರ ಅಪರೂಪವಾದ ಸೀಮೆಯಲ್ಲಿ ತೊಲೆ ಸುಟ್ಟರೆ ಮನೆ ಮತ್ತೆ ಏಳುವುದಿಲ್ಲ. ಮುದುಕಿಯೊಬ್ಬಳು ಒಳಗಿರುವಾಗಲೇ ಬೆಂಕಿ ಹಚ್ಚಿದ ಎಂಬ ಆರೋಪದ ಮೇಲೆ 1816ರಲ್ಲಿ ಸೆಲ್ಲರ್‌ನ ವಿಚಾರಣೆಯಾಯಿತು. ಖುಲಾಸೆಯಾದ. ಜನ ಕಡಲಂಚಿನ ಕಲ್ಲುನೆಲಕ್ಕೆ ಸರಿದರು, ಇಲ್ಲವೇ ಕೆನಡಾದ ಹಡಗು ಹತ್ತಿದರು. ಕೆನಡಾದ ಕೇಪ್ ಬ್ರೆಟನ್‌ನಲ್ಲಿ ಈಗಲೂ ಗೇಲಿಕ್ ಕಲಿಸುತ್ತಾರೆ. ಒಕ್ಕಲುಗಳಿಗೆ ಕಾನೂನಿನ ರಕ್ಷಣೆ ಬಂದದ್ದು 1886ರಲ್ಲಿ.

ಇದೇ ಹೊತ್ತಿಗೆ, 1822ರಲ್ಲಿ, ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದ. ಸುಮಾರು 170 ವರ್ಷದಲ್ಲಿ ಆಳುವ ದೊರೆಯೊಬ್ಬ ಸ್ಕಾಟ್ಲೆಂಡಿಗೆ ಕಾಲಿಟ್ಟದ್ದು ಅದೇ ಮೊದಲು. ಸಮಾರಂಭದ ಜವಾಬ್ದಾರಿ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನದು. ಅವನು ಎಲ್ಲರೂ ಹೈಲೆಂಡ್ ಉಡುಪಿನಲ್ಲಿ ಬರುವಂತೆ ಏರ್ಪಾಡು ಮಾಡಿದ. ಅಜ್ಜಂದಿರು ಯಾವ ಬಟ್ಟೆಯನ್ನು ಕಳ್ಳರ ಉಡುಪು ಎನ್ನುತ್ತಿದ್ದರೋ, ಬಯಲುಸೀಮೆಯ ಸಾಹುಕಾರರು ಅದನ್ನೇ ಹೊಲಿಸಿಕೊಳ್ಳಲು ದರ್ಜಿಗಳ ಮುಂದೆ ಸಾಲು ನಿಂತರು. ದಪ್ಪ ಹೊಟ್ಟೆಯ ದೊರೆ ಕಿಲ್ಟ್ ಎಂಬ ಚೌಕಳಿಯ ನೆರಿಗೆಲಂಗದ ಕೆಳಗೆ ಮೈಬಣ್ಣದ ಬಿಗಿ ಚಲ್ಲಣ ಹಾಕಿಕೊಂಡಿದ್ದ. ಅಲ್ಲಿ ಗತ್ತಿನಿಂದ ಮೆರೆದ ಗ್ಲೆನ್‌ಗ್ಯಾರಿಯ ಯಜಮಾನ ಊರಲ್ಲಿ ತನ್ನ ಒಕ್ಕಲುಗಳನ್ನು ಎಬ್ಬಿಸುತ್ತಿದ್ದವನೇ.

ಹಳೆಯ ಹೈಲೆಂಡ್ ಉಡುಪು ನಾವು ಫೋಟೋದಲ್ಲಿ ನೋಡುವ ಕಿಲ್ಟ್ ಅಲ್ಲ. ಅದೊಂದು ಉದ್ದನೆಯ ಉಣ್ಣೆ ಬಟ್ಟೆ. ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಮಲಗಿ ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಹೊದೆಯಬೇಕಿತ್ತು. ರಾತ್ರಿಗೆ ಅದೇ ಕಂಬಳಿ. ಸೊಂಟದ ಕೆಳಗಿನ ಭಾಗವನ್ನಷ್ಟೇ ಬೇರೆ ಮಾಡಿದ ಕಿಲ್ಟ್ 18ನೇ ಶತಮಾನದ್ದು. 'ನಮ್ಮ ಕುಲಕ್ಕೆ ಈ ಚೌಕಳಿ' ಎಂಬ ಪಟ್ಟಿ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಮೊದಲು ಆಯಾ ಸೀಮೆಯ ನೇಕಾರನ ಕೈಯಲ್ಲಿದ್ದ ಬಣ್ಣ, ಅವನ ರುಚಿ, ಅಷ್ಟೇ ಇತ್ತು. ಬ್ಯಾನಕ್‌ಬರ್ನ್‌ನ ಒಂದು ನೇಯ್ಗೆ ಕಂಪನಿ ಮಾದರಿಗಳಿಗೆ ಬರೀ ನಂಬರ್ ಕೊಟ್ಟಿರುತ್ತಿತ್ತು. ಗಿರಾಕಿ ಕೇಳಿದಾಗ ಕುಲದ ಹೆಸರು ಬಂತು. ಹಾಗಂತ ಇದೆಲ್ಲ ಸುಮ್ನೆ ಬೊಗಳೆ ಎಂದು ತಳ್ಳಿಹಾಕುವುದು ಸರಿಯಲ್ಲ. ಇನ್ನೂರು ವರ್ಷ ಮದುವೆಗೂ ಮಣ್ಣಿಗೂ ಉಟ್ಟ ಬಟ್ಟೆ ಸಂಪ್ರದಾಯ ಆಗದೆ ಇನ್ನೇನು?

ಓಟು ಯಾರಿಗೆ?

ಬೆಟ್ಟದ ಉಡುಪನ್ನು ಎಲ್ಲರೂ ತೊಟ್ಟರು, ಬದುಕು ಮಾತ್ರ ಬಯಲಿನ ಕಾರ್ಖಾನೆಗಳಲ್ಲಿತ್ತು. ಕ್ಲೈಡ್ ದಂಡೆಯಲ್ಲಿ ಹಡಗು ಕಟ್ಟಿದರು. ಡಂಡೀಯಲ್ಲಿ ಬಂಗಾಳದ ಸೆಣಬು ನೇಯ್ದರು. ದುಡಿಯಲು ಐರ್ಲೆಂಡಿನಿಂದ ಮತ್ತೆ ಜನ ಬಂದರು. 1851ರ ಜನಗಣತಿಯಲ್ಲಿ ನೂರಕ್ಕೆ ಏಳು ಮಂದಿ ಐರ್ಲೆಂಡಿನಲ್ಲಿ ಹುಟ್ಟಿದವರು. ಕ್ಯಾಥೊಲಿಕ್ಕರೆಂದು ಅವರನ್ನು ದೂರವಿಟ್ಟರು. ಮೊದಲ ಸ್ಕಾಟರೂ ಇದೇ ಸಮುದ್ರ ದಾಟಿ ಬಂದವರು ಎಂಬುದು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಇಟಲಿಯವರು ಐಸ್‌ಕ್ರೀಂ ಅಂಗಡಿ ಇಟ್ಟರು, ಪಂಜಾಬಿನವರು ತಲೆಯ ಮೇಲೆ ಗಂಟು ಹೊತ್ತು ಹಳ್ಳಿ ಹಳ್ಳಿಗೆ ಬಟ್ಟೆ ಮಾರಿದರು. 2023ರಲ್ಲಿ ಸ್ಕಾಟ್ಲೆಂಡಿನ ಮುಖ್ಯಮಂತ್ರಿಯಾದ ಹಮ್ಜಾ ಯೂಸುಫ್ ಅವರ ತಂದೆ ಪಾಕಿಸ್ತಾನದಲ್ಲಿ ಹುಟ್ಟಿದವರು.

2022ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 54 ಲಕ್ಷ. ಅದೇ ಜನಗಣತಿಯಲ್ಲಿ ಗೇಲಿಕ್ ಅಲ್ಪಸ್ವಲ್ಪವಾದರೂ ಬಲ್ಲೆವು ಎಂದವರು 1 ಲಕ್ಷ 30 ಸಾವಿರದಷ್ಟು. 1707ರಲ್ಲಿ ಮುಚ್ಚಿದ ಪಾರ್ಲಿಮೆಂಟು 1999ರಲ್ಲಿ ಮತ್ತೆ ತೆರೆಯಿತು. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೇ ಎಂದು ಜನಮತ ಕೇಳಿದರು. ನೂರಕ್ಕೆ 85ರಷ್ಟು ಮತದಾನ. ಬೇಡ ಎಂದವರು ಶೇ. 55, ಬೇಕು ಎಂದವರು ಶೇ. 45.

ಫಲಿತಾಂಶಕ್ಕಿಂತ ಮತದಾರರ ಪಟ್ಟಿ ನನಗೆ ಹೆಚ್ಚು ಇಷ್ಟವಾಯಿತು. 16 ವರ್ಷ ತುಂಬಿರಬೇಕು, ಸ್ಕಾಟ್ಲೆಂಡಿನಲ್ಲಿ ವಾಸವಿರಬೇಕು. ಬ್ರಿಟಿಷ್ ಪ್ರಜೆಯಾದರೂ ಸರಿ, ಯುರೋಪಿಯನ್ ಒಕ್ಕೂಟದವರಾದರೂ ಸರಿ, ವೀಸಾ ಇಟ್ಟುಕೊಂಡ ಕಾಮನ್‌ವೆಲ್ತ್ ದೇಶದವರಾದರೂ ಸರಿ. ಅಜ್ಜ ಯಾರು, ಹುಟ್ಟಿದ್ದೆಲ್ಲಿ ಎಂದು ಯಾರೂ ಕೇಳಲಿಲ್ಲ. ಎಡಿನ್‌ಬರೊದಲ್ಲಿ ಹುಟ್ಟಿ ಬೆಳೆದು, ಸ್ವಾತಂತ್ರ್ಯಕ್ಕಾಗಿ ದಶಕಗಳ ಕಾಲ ದನಿಯೆತ್ತಿದ್ದ ನಟ ಶಾನ್ ಕಾನರಿ ಬಹಾಮಾಸ್‌ನಲ್ಲಿ ನೆಲೆಸಿದ್ದರಿಂದ ಓಟು ಹಾಕುವಂತಿರಲಿಲ್ಲ. ಆ ವರ್ಷ ಅಲ್ಲಿ ಎಂ.ಎಸ್. ಓದುತ್ತಿದ್ದ ಹಾಸನದ ಹುಡುಗನೊಬ್ಬ ಹೆಸರು ನೋಂದಾಯಿಸಿಕೊಂಡಿದ್ದರೆ, ಧಾರಾಳವಾಗಿ ಹಾಕಬಹುದಿತ್ತು.